ಸಿಗ್ನಲ್ ಫುಲ್ ಇದೆ, ನೆಟ್ ಮಾತ್ರ ಓಡುತ್ತಿಲ್ಲ: ವೈ-ಫೈ ಅಡ್ಡಿ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ವೈ-ಫೈ ಬಗ್ಗೆಯೇ. ಬಡಾವಣೆ ಬೇರೆ, ತಾಪತ್ರಯ ಬೇರೆ. ಆದರೆ ಬೇರು ಒಂದೇ: ಒಂದು ರೇಡಿಯೊ ಇನ್ನೊಂದು ರೇಡಿಯೊಗೆ ಅಡ್ಡ ಬರುತ್ತಿದೆ. ವೈ-ಫೈ ಕೂಡ ರೇಡಿಯೊನೇ ಅನ್ನೋದು ನಮಗೆ ಮರೆತುಹೋಗಿರುತ್ತದೆ, ಅಲ್ವಾ? ಹಾಗಾಗಿ ಈ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ರಾಜಾಜಿನಗರದಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಹಗಲು ಹೊತ್ತು ನೆಟ್ ಚೆನ್ನಾಗಿಯೇ ಇರುತ್ತದೆ. ರಾತ್ರಿ ಎಂಟು ಗಂಟೆ ಆದರೆ ಸಾಕು, ಟಿವಿಯಲ್ಲಿ ಸಿನಿಮಾ ನಿಂತು ನಿಂತು ಓಡುತ್ತದೆ. ಫೋನ್ ನೋಡಿದರೆ ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತದೆ. ಕಂಪನಿಯವರು ದೊಡ್ಡ ಪ್ಲಾನ್ ಹಾಕಿಸಿ ಅಂದರು, ಹಾಕಿಸಿದೆವು, ಏನೂ ವ್ಯತ್ಯಾಸ ಇಲ್ಲ. ಈಗ ಅಂಗಡಿಯವರು ನಾಲ್ಕು ಆಂಟೆನಾ ಇರುವ ಪವರ್‌ಫುಲ್ ರೌಟರ್ ತಗೊಳ್ಳಿ ಅಂತಿದ್ದಾರೆ. ತಗೊಳ್ಳಬಹುದಾ?

ಉತ್ತರ: ಸದ್ಯಕ್ಕೆ ಬೇಡ. ದುಡ್ಡು ಕೈಯಲ್ಲೇ ಇರಲಿ.

ಮೊದಲು ಒಂದು ಪರೀಕ್ಷೆ ಮಾಡಿ. ರಾತ್ರಿ ಎಂಟೂವರೆಗೆ, ಟಿವಿ ತಡವರಿಸುತ್ತಿರುವಾಗಲೇ, ಒಂದು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರವಾಗಿ ರೌಟರ್‌ಗೆ ಸಿಕ್ಕಿಸಿ ಸ್ಪೀಡ್ ನೋಡಿ. ಕೇಬಲ್‌ನಲ್ಲೂ ನಿಧಾನ ಇದ್ದರೆ ತೊಂದರೆ ಕಂಪನಿಯ ಕಡೆಯದು, ಅವರನ್ನೇ ಕೇಳಬೇಕು. ಕೇಬಲ್‌ನಲ್ಲಿ ಸರಿಯಾಗಿ ಬಂದು ವೈ-ಫೈನಲ್ಲಿ ಮಾತ್ರ ನಿಧಾನ ಇದ್ದರೆ ತೊಂದರೆ ನಿಮ್ಮ ಮನೆಯೊಳಗಿನ ಗಾಳಿಯಲ್ಲಿದೆ. ಪ್ಲಾನ್ ಎಷ್ಟು ದೊಡ್ಡದು ಮಾಡಿದರೂ ಅದು ಸರಿಹೋಗಲ್ಲ. ನಿಮ್ಮ ಪತ್ರ ಓದಿದರೆ ನನಗೆ ಎರಡನೆಯದೇ ಅನಿಸುತ್ತದೆ.

ಸಿಗ್ನಲ್ ಕಡ್ಡಿ ಹೇಳೋದು ಒಂದೇ ವಿಷಯ, ನಿಮ್ಮ ರೌಟರ್ ಎಷ್ಟು ಜೋರಾಗಿ ಕೇಳಿಸುತ್ತಿದೆ ಅಂತ. ಅದೇ ಜಾಗದಲ್ಲಿ ಇನ್ನೆಷ್ಟು ರೌಟರ್‌ಗಳು ಮಾತಾಡುತ್ತಿವೆ ಅನ್ನೋದನ್ನ ಅದು ಹೇಳಲ್ಲ. ಹಗಲು ಅಕ್ಕಪಕ್ಕದವರೆಲ್ಲ ಆಫೀಸು, ಸ್ಕೂಲು ಅಂತ ಹೊರಗಿರುತ್ತಾರೆ. ರಾತ್ರಿ ಎಂಟಕ್ಕೆ ಎಲ್ಲರ ಮನೆಯಲ್ಲೂ ಟಿವಿ, ಫೋನ್, ಟ್ಯಾಬ್ ಒಟ್ಟಿಗೆ ಶುರು. ಅಡ್ಡಿ ಹೆಚ್ಚಾಗೋದು ಆಗಲೇ.

ಎಷ್ಟೋ ಮನೆಗಳಲ್ಲಿ ವೈ-ಫೈ ಇನ್ನೂ ಓಡುತ್ತಿರೋದು 2.4 ಗಿಗಾಹರ್ಟ್ಜ್‌ನಲ್ಲಿ. ಈ ಪಟ್ಟಿ (ಬ್ಯಾಂಡ್, ಅಂದರೆ ರೇಡಿಯೊ ಅಲೆಗಳು ಓಡಾಡುವ ಜಾಗ) 2400ರಿಂದ 2483.5 ಮೆಗಾಹರ್ಟ್ಜ್‌ವರೆಗೆ ಮಾತ್ರ. ನಮ್ಮ ದೇಶದಲ್ಲಿ 2005ರಿಂದ ಇದಕ್ಕೆ ಲೈಸೆನ್ಸ್ ಬೇಕಿಲ್ಲ, ಯಾರು ಬೇಕಾದರೂ ಕಡಿಮೆ ಪವರ್‌ನಲ್ಲಿ ಬಳಸಬಹುದು. ಹಾಗಾಗಿಯೇ ಎಲ್ಲರೂ ಅಲ್ಲಿಗೇ ಬಂದು ಸೇರಿಕೊಂಡಿದ್ದಾರೆ. ಅದರಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿವೆ. ಹದಿಮೂರು ಅಂದ ತಕ್ಷಣ ಬೇಕಾದಷ್ಟು ಜಾಗ ಇದೆ ಅನ್ಕೊಬೇಡಿ. ಒಂದು ಚಾನೆಲ್‌ಗೂ ಮುಂದಿನದಕ್ಕೂ ಇರೋ ಅಂತರ 5 ಮೆಗಾಹರ್ಟ್ಜ್, ಆದರೆ ವೈ-ಫೈ ಒಂದೊಂದು ಚಾನೆಲ್‌ನಲ್ಲೂ ಹಿಡಿಯೋ ಅಗಲ ಸುಮಾರು 20 ಮೆಗಾಹರ್ಟ್ಜ್. ಅಂದರೆ ನೀವು 3ರಲ್ಲಿ ಕೂತರೆ 1, 2, 4, 5 ಎಲ್ಲರ ಮೇಲೂ ಕೂತ ಹಾಗೆಯೇ. ಒಬ್ಬರಿಗೊಬ್ಬರು ತಾಗದೆ ಇರಬಹುದಾದ ಚಾನೆಲ್‌ಗಳು ಮೂರೇ: 1, 6, 11.

ಈಗ ಫೋನಿನಲ್ಲಿ ವೈ-ಫೈ ಅನಲೈಸರ್ ಥರದ ಯಾವುದಾದರೂ ಆ್ಯಪ್ ಹಾಕಿಕೊಂಡು ಹಾಲ್‌ನಲ್ಲಿ ನಿಂತು ನೋಡಿ. ಒಂದೊಂದು ರೌಟರ್‌ಗೂ ಒಂದೊಂದು ಕಮಾನಿನಂಥ ಗೆರೆ ಬರುತ್ತದೆ, ಅದರ ಮೇಲೆ ಹೆಸರು. ಎದುರು ಮನೆಯವರದು, ಮೇಲಿನವರದು, ಕೆಳಗಿನ ಬೇಕರಿಯದು, ಎಲ್ಲವೂ ಒಂದರ ಮೇಲೊಂದು ಏರಿಕೊಂಡಿರುತ್ತವೆ. ಯಾವ ಚಾನೆಲ್‌ನಲ್ಲಿ ಎತ್ತರದ ಕಮಾನುಗಳು ಕಡಿಮೆ ಇವೆ ಅಂತ ನೋಡಿಕೊಂಡು 1, 6, 11ರಲ್ಲಿ ಒಂದನ್ನು ಆರಿಸಿ. ಖಾಲಿ ಕಾಣ್ತಿದೆ ಅಂತ 3ಕ್ಕೋ 8ಕ್ಕೋ ಹೋಗಬೇಡಿ. ಇದು ಬಹಳ ಜನಕ್ಕೆ ಉಲ್ಟಾ ಅನಿಸುತ್ತದೆ, ಆದರೆ ಕಾರಣ ಇದೆ. ವೈ-ಫೈ ಮಾತಾಡೋ ಮುಂಚೆ ಚಾನೆಲ್ ಖಾಲಿ ಇದೆಯಾ ಅಂತ ಕೇಳಿಸಿಕೊಳ್ಳುತ್ತದೆ. ಒಂದೇ ಚಾನೆಲ್‌ನಲ್ಲಿರುವ ಎರಡು ರೌಟರ್‌ಗಳಿಗೆ ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗುತ್ತದೆ, ಒಂದು ಮುಗಿಸುವವರೆಗೆ ಇನ್ನೊಂದು ಕಾಯುತ್ತದೆ. ಅರ್ಧಂಬರ್ಧ ಮೇಲೆ ಬಿದ್ದಾಗ ಅದು ಬರೀ ಗದ್ದಲ. ಕಳಿಸಿದ್ದು ಹಾಳಾಗುತ್ತದೆ, ಮತ್ತೆ ಕಳಿಸಬೇಕು, ಅದೂ ಹಾಳಾದರೆ ಮತ್ತೊಮ್ಮೆ. ನಿಮ್ಮ ಸಿನಿಮಾ ನಿಂತು ನಿಂತು ಓಡೋದು ಹೀಗೆ.

ಚಾನೆಲ್ ಬದಲಿಸೋಕೆ ರೌಟರ್ ಅಡಿಯ ಸ್ಟಿಕ್ಕರ್‌ನಲ್ಲಿ ಒಂದು ವಿಳಾಸ ಇರುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಅದನ್ನು ಬ್ರೌಸರ್‌ನಲ್ಲಿ ಹಾಕಿ, ಅದೇ ಸ್ಟಿಕ್ಕರ್‌ನ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ವೈರ್‌ಲೆಸ್ ಸೆಟ್ಟಿಂಗ್‌ನಲ್ಲಿ ಚಾನೆಲ್ ‘ಆಟೊ’ ಅಂತಿರುತ್ತದೆ. ಎಷ್ಟೋ ರೌಟರ್‌ಗಳು ಆನ್ ಆದಾಗ ಒಂದು ಸಲ ಮಾತ್ರ ನೋಡಿ ಚಾನೆಲ್ ಹಿಡಿದು ಅಲ್ಲೇ ಇದ್ದುಬಿಡುತ್ತವೆ, ನೀವು ಬೆಳಿಗ್ಗೆ ಹತ್ತು ಗಂಟೆಗೆ ಆನ್ ಮಾಡಿದ್ದರೆ ಅದು ಬೆಳಿಗ್ಗೆಯ ಲೆಕ್ಕ, ರಾತ್ರಿಯದಲ್ಲ. ಪಕ್ಕದಲ್ಲೇ ‘ಚಾನೆಲ್ ವಿಡ್ತ್’ ಅಂತ ಇರುತ್ತದೆ. ಅದು 40 ಇದ್ದರೆ 20ಕ್ಕೆ ಇಳಿಸಿ. 2.4ರಲ್ಲಿ 40 ಹಾಕಿದರೆ ಇರೋ ಪಟ್ಟಿಯಲ್ಲಿ ಅರ್ಧ ಭಾಗ ನಿಮ್ಮೊಬ್ಬರದೇ ಆಗುತ್ತದೆ, ಆಗ ಸುತ್ತಲಿನ ಅಷ್ಟೂ ಜನರ ಗದ್ದಲವೂ ನಿಮ್ಮ ಮೇಲೆಯೇ ಬೀಳುತ್ತದೆ. ಫ್ಲ್ಯಾಟ್‌ನಲ್ಲಿ ಇರೋರಿಗೆ 40 ಬೇಡವೇ ಬೇಡ.

ಇಷ್ಟಾದ ಮೇಲೆ, ನಿಮ್ಮ ರೌಟರ್‌ನಲ್ಲಿ 5 ಗಿಗಾಹರ್ಟ್ಜ್ ಇದ್ದರೆ ಫೋನು, ಲ್ಯಾಪ್‌ಟಾಪ್‌ಗಳನ್ನು ಅದಕ್ಕೆ ಹಾಕಿ. 2018ರಲ್ಲಿ ಸರ್ಕಾರ ಈ ಪಟ್ಟಿಯಲ್ಲಿ ಒಟ್ಟು 605 ಮೆಗಾಹರ್ಟ್ಜ್ ಜಾಗವನ್ನು ಲೈಸೆನ್ಸ್ ಇಲ್ಲದೆ ಬಳಸೋಕೆ ಬಿಟ್ಟಿತು. 2.4ರ ಪಟ್ಟಿಯ ಒಟ್ಟು 83.5 ಮೆಗಾಹರ್ಟ್ಜ್ ಮುಂದೆ ಇದು ಎಷ್ಟು ಜಾಸ್ತಿ ನೋಡಿ. ಜೊತೆಗೆ 5 ಗಿಗಾಹರ್ಟ್ಜ್ ಗೋಡೆ ದಾಟೋದು ಕಷ್ಟ. ಅದನ್ನ ಜನ ಕುಂದು ಅಂತಾರೆ. ಅಪಾರ್ಟ್‌ಮೆಂಟ್‌ನಲ್ಲಿ ನನ್ನ ಪ್ರಕಾರ ಅದೇ ಅದರ ಗುಣ, ಪಕ್ಕದ ಮನೆಯವರದು ನಿಮ್ಮ ಮನೆಯೊಳಗೆ ಅಷ್ಟಾಗಿ ನುಗ್ಗಲ್ಲ.

ಇನ್ನು ಟಿವಿ. ಅದು ಗೋಡೆಗೆ ನೇತುಹಾಕಿದ ವಸ್ತು, ಎಲ್ಲಿಗೂ ಹೋಗಲ್ಲ. ಅದಕ್ಕೆ ಯಾಕೆ ವೈ-ಫೈ? ಒಂದು ಲ್ಯಾನ್ ಕೇಬಲ್ ಎಳೆದುಬಿಡಿ. ಮನೆಯಲ್ಲಿ ವೈ-ಫೈ ಅತಿ ಹೆಚ್ಚು ತಿನ್ನೋದು ಟಿವಿಯೇ. ಅದು ಗಾಳಿಯಿಂದ ಕೆಳಗಿಳಿದರೆ ಉಳಿದ ಎಲ್ಲರಿಗೂ ಜಾಗ ಸಿಗುತ್ತದೆ, ಅಕ್ಕಪಕ್ಕದವರಿಗೂ ಸೇರಿ.

ಪವರ್‌ಫುಲ್ ರೌಟರ್ ಬೇಡ ಅಂದಿದ್ದು ಯಾಕೆ ಅಂದರೆ, ರೌಟರ್ ಎಷ್ಟೇ ಜೋರಾಗಿ ಕೂಗಿದರೂ ನಿಮ್ಮ ಫೋನ್ ಅಷ್ಟು ಜೋರಾಗಿ ಉತ್ತರ ಕೊಡಲ್ಲ. ಮಾತು ಎರಡೂ ಕಡೆಯಿಂದ ಆಗಬೇಕಲ್ಲ. ನೀವು ಜೋರು ಮಾಡಿದಿರಿ ಅಂತ ಪಕ್ಕದ ಮನೆಯವರಿಗೆ ಅಡ್ಡಿ ಆಗುತ್ತದೆ, ಅವರೂ ಅದೇ ಅಂಗಡಿಗೆ ಹೋಗಿ ನಾಲ್ಕು ಆಂಟೆನಾ ತರುತ್ತಾರೆ. ಆಮೇಲೆ ಇಡೀ ಬಿಲ್ಡಿಂಗ್‌ಗೆ ಮೊದಲಿಗಿಂತ ಕೆಟ್ಟ ನೆಟ್.

ಪ್ರಶ್ನೆ: ನಾನು ಟೀಚರ್, ವಿಜಯನಗರದಲ್ಲಿ ಮನೆ. ಸಂಜೆ ಆನ್‌ಲೈನ್ ಪಾಠ ಮಾಡುವಾಗ ಅತ್ತೆ ಮೈಕ್ರೊವೇವ್‌ನಲ್ಲಿ ಹಾಲು ಬಿಸಿ ಮಾಡಿದರೆ ನನ್ನ ಧ್ವನಿ ಕಟ್ ಆಗುತ್ತದೆ ಅಂತ ಮಕ್ಕಳು ಹೇಳುತ್ತಾರೆ. ಇದು ನಿಜವಾ, ಇಲ್ಲ ಕಾಕತಾಳೀಯವಾ? ಅವನ್ ಲೀಕ್ ಆಗ್ತಿದೆ ಅಂತ ಭಯ ಆಗ್ತಿದೆ.

ಉತ್ತರ: ನಿಜ ಮೇಡಂ, ಮಕ್ಕಳು ಸರಿಯಾಗಿಯೇ ಗಮನಿಸಿದ್ದಾರೆ. ಮೈಕ್ರೊವೇವ್ ಅವನ್ ಕೆಲಸ ಮಾಡೋದು 2450 ಮೆಗಾಹರ್ಟ್ಜ್‌ನಲ್ಲಿ. ಅದು 2.4ರ ವೈ-ಫೈ ಪಟ್ಟಿಯ ನಟ್ಟನಡುವೆ ಬರುತ್ತದೆ. ಒಳಗೆ 700–1000 ವಾಟ್ ಓಡುತ್ತಿರುತ್ತದೆ, ನಿಮ್ಮ ರೌಟರ್ ಹೊರಗೆ ಬಿಡೋದು ವಾಟಿನ ಹತ್ತನೇ ಒಂದು ಭಾಗದ ಆಸುಪಾಸು. ಬಾಗಿಲಿನ ಜಾಲರಿ ಎಷ್ಟೇ ಚೆನ್ನಾಗಿದ್ದರೂ ಚೂರು ಹೊರಗೆ ಬರುತ್ತದೆ. ಆ ಚೂರೇ ವೈ-ಫೈಗೆ ಸಾಕಷ್ಟು ಗದ್ದಲ.

ಮನುಷ್ಯರಿಗೆ ಇದರಿಂದ ಅಪಾಯ ಅಂತ ಅಂದುಕೊಳ್ಳಬೇಡಿ. ಸುರಕ್ಷತೆಯ ಮಿತಿ ಬೇರೆ, ರೇಡಿಯೊಗೆ ಕಿರಿಕಿರಿ ಆಗುವ ಮಿತಿ ಬೇರೆ. ಬಾಗಿಲು ಸರಿಯಾಗಿ ಮುಚ್ಚುತ್ತಿದೆಯಾ, ಅಂಚಿನ ರಬ್ಬರು, ಹಿಂಜು ಸಡಿಲ ಆಗಿದೆಯಾ, ಜಾಲರಿ ತುಕ್ಕು ಹಿಡಿದಿದೆಯಾ ಅಂತ ಒಮ್ಮೆ ನೋಡಿ. ಹಾಗೇನಾದರೂ ಇದ್ದರೆ ಮೆಕ್ಯಾನಿಕ್ ಬಂದು ನೋಡುವವರೆಗೆ ಬಳಸಬೇಡಿ. ಇಲ್ಲದಿದ್ದರೆ ಚಿಂತೆ ಬೇಡ.

ಪರಿಹಾರ ಸುಲಭ. ಪಾಠ ಮಾಡುವ ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಜ್‌ಗೆ ಹಾಕಿ, ಅವನ್ ಅಲ್ಲಿಗೆ ಬರೋದೇ ಇಲ್ಲ. ಅದು ಆಗಲ್ಲ ಅಂದರೆ ರೌಟರನ್ನು ಅಡುಗೆಮನೆ ಗೋಡೆಯಿಂದ ದೂರ ಇಡಿ, ನೀವೂ ರೌಟರ್ ಹತ್ತಿರ ಕೂತುಕೊಳ್ಳಿ. ಅವನ್ ನಿಮಗೂ ರೌಟರ್‌ಗೂ ಮಧ್ಯ ಬರಬಾರದು, ಅಷ್ಟೇ. ಚಾನೆಲ್ 1 ಹಾಕಿ ನೋಡಿ, ಅದು 2412ರಲ್ಲಿದೆ, ಮೂರರಲ್ಲಿ 2450ರಿಂದ ಅತಿ ದೂರದ್ದು.

ಇದು ನಿಮ್ಮ ಮನೆಯದಷ್ಟೇ ಸಮಸ್ಯೆ ಅಲ್ಲ. ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ 64 ಮೀಟರ್ ಅಗಲದ ದೊಡ್ಡ ರೇಡಿಯೊ ದೂರದರ್ಶಕ ಇದೆ. ಅಲ್ಲಿ ವರ್ಷಗಟ್ಟಲೆ ಆಗಾಗ ಒಂದು ವಿಚಿತ್ರ ಸಿಗ್ನಲ್ ಬರುತ್ತಿತ್ತು, ಆಕಾಶದಿಂದ ಬಂದದ್ದೋ ಭೂಮಿಯದೋ ಗೊತ್ತಾಗುತ್ತಿರಲಿಲ್ಲ. 2015ರಲ್ಲಿ ಪತ್ತೆ ಆಯಿತು. ಅಲ್ಲಿನ ಸಿಬ್ಬಂದಿ ಮೈಕ್ರೊವೇವ್ ನಿಲ್ಲುವ ಮೊದಲೇ ಬಾಗಿಲು ತೆಗೆಯುತ್ತಿದ್ದರು, ಆ ಕ್ಷಣ ಹೊರಗೆ ಬಂದ ಅಲೆ ದೂರದರ್ಶಕಕ್ಕೆ ಸಿಗುತ್ತಿತ್ತು. ಅತ್ತೆಯವರಿಗೂ ಇದೊಂದು ಹೇಳಿ: ಟೈಮರ್ ಮುಗಿಯೋ ಮೊದಲು ತೆಗೆಯಬೇಕು ಅಂದರೆ ಸ್ಟಾಪ್ ಒತ್ತಿ ಆಮೇಲೆ ಬಾಗಿಲು ತೆಗೆಯೋದು ಒಳ್ಳೆಯದು.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ, ಕೆಂಗೇರಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಾಕಿದ ತಕ್ಷಣ ವೈರ್‌ಲೆಸ್ ಮೌಸ್ ತಡೆದು ತಡೆದು ಓಡುತ್ತದೆ, ಕೆಲವೊಮ್ಮೆ ವೈ-ಫೈ ಕೂಡ ಬಿಟ್ಟುಹೋಗುತ್ತದೆ. ಸೆಲ್ ಹೊಸದು ಹಾಕಿದೆ. ಡ್ರೈವರ್ ಅಪ್‌ಡೇಟ್ ಮಾಡಿದೆ. ಮೌಸ್ ಹಾಳಾಗಿದೆಯಾ?

ಉತ್ತರ: ಮೌಸ್ ಚೆನ್ನಾಗಿಯೇ ಇದೆ. ತಪ್ಪು ನಿಮ್ಮ ಹಾರ್ಡ್ ಡಿಸ್ಕ್ ಬಳಸುವ ಯುಎಸ್‌ಬಿ 3 ಕನೆಕ್ಷನ್‌ನದು. ಅದು ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುವಾಗ ಅದರ ಕನೆಕ್ಟರ್ ಮತ್ತು ಕೇಬಲ್‌ನಿಂದ ಅಗಲವಾದ ರೇಡಿಯೊ ಗದ್ದಲ ಹೊರಬೀಳುತ್ತದೆ. ಅದು 2.4ರ ಪಟ್ಟಿಯನ್ನೂ ಮುಚ್ಚುತ್ತದೆ. ನಿಮ್ಮ ಮೌಸಿನ ಪುಟ್ಟ ಡಾಂಗಲ್ (ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ರಿಸೀವರ್) ಕೇಳಿಸಿಕೊಳ್ಳೋದು ಅಲ್ಲೇ. ಡಾಂಗಲ್ ಇರೋದು ಹಾರ್ಡ್ ಡಿಸ್ಕ್ ಪ್ಲಗ್‌ನಿಂದ ಒಂದೂವರೆ ಸೆಂಟಿಮೀಟರ್ ಆಚೆ, ಪಾಪ ಅದಕ್ಕೆ ಮೌಸ್ ಏನು ಹೇಳ್ತಿದೆ ಅಂತ ಕೇಳೋದೇ ಇಲ್ಲ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಬರೆದು ಪ್ರಕಟಿಸಿತ್ತು. ಆದರೂ ಇವತ್ತಿಗೂ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಪೋರ್ಟ್ ಅಕ್ಕಪಕ್ಕವೇ ಇರುತ್ತವೆ, ಇದು ನನಗೆ ಬೇಜಾರಿನ ವಿಷಯ.

ಡಾಂಗಲನ್ನು ಲ್ಯಾಪ್‌ಟಾಪ್‌ನ ಇನ್ನೊಂದು ಪಕ್ಕಕ್ಕೆ ಹಾಕಿ. ಅಷ್ಟಕ್ಕೆ ಸರಿಹೋಗದಿದ್ದರೆ ಒಂದು ಮೊಳದ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಗೊಂಡು ಡಾಂಗಲನ್ನು ಮೌಸ್ ಪ್ಯಾಡ್ ಹತ್ತಿರ ತಂದಿಡಿ. ಎಸ್.ಪಿ. ರೋಡ್‌ಗೆ ಹೋದರೆ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಹಾರ್ಡ್ ಡಿಸ್ಕ್‌ನ ಕೇಬಲ್ ತೆಳ್ಳಗಿನ, ಅಗ್ಗದ ಥರದ್ದಾಗಿದ್ದರೆ ಅದನ್ನೂ ಬದಲಿಸಿ. ಒಳಗೆ ಲೋಹದ ಹೊದಿಕೆ ಸರಿಯಾಗಿರುವ ಕೇಬಲ್‌ನಿಂದ ಗದ್ದಲ ಎಷ್ಟೋ ಕಡಿಮೆ ಆಗುತ್ತದೆ. ಡಿಸ್ಕನ್ನು ಲ್ಯಾಪ್‌ಟಾಪ್‌ಗೆ ಒತ್ತಿಕೊಂಡಂತೆ ಇಡಬೇಡಿ, ಹಿಂಜಿನ ಹತ್ತಿರವಂತೂ ಬೇಡ. ಸ್ಕ್ರೀನಿನ ಸುತ್ತ, ಹಿಂಜಿನ ಪಕ್ಕ ವೈ-ಫೈ ಆಂಟೆನಾ ಇರುತ್ತದೆ.

ಬ್ಲೂಟೂತ್ ಮೌಸ್ ತಗೊಂಡರೆ ಹೇಗೆ ಅಂತ ನೀವು ಕೇಳಬಹುದು. ಅದೂ 2.4ರಲ್ಲೇ ಇರೋದು. ಆದರೆ ಬ್ಲೂಟೂತ್ ಒಂದೇ ಕಡೆ ನಿಲ್ಲಲ್ಲ. ಹಳೆಯ ಕ್ಲಾಸಿಕ್ ಬ್ಲೂಟೂತ್ 79 ಚಾನೆಲ್‌ಗಳ ಮೇಲೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ, ವೈ-ಫೈ ಇರುವ ಜಾಗ ಯಾವುದು ಅಂತ ಕಂಡುಕೊಂಡು ಅಲ್ಲಿ ಕಾಲಿಡೋದನ್ನ ಬಿಡುತ್ತದೆ. ಹಾಗಾಗಿ ವೈ-ಫೈ ಜೊತೆ ಹೊಂದಿಕೊಂಡು ಹೋಗುತ್ತದೆ. ಯುಎಸ್‌ಬಿ 3ರ ಗದ್ದಲ ಇಡೀ ಪಟ್ಟಿಯ ಮೇಲೆ ಹರಡಿಕೊಳ್ಳೋದರಿಂದ ಅದಕ್ಕೂ ಜಿಗಿಯೋಕೆ ಜಾಗ ಇರಲ್ಲ. ದೂರ ಇಡೋದೇ ಮದ್ದು.

ಪ್ರಶ್ನೆ: ನನಗೆ ಎಪ್ಪತ್ತೆಂಟು ವರ್ಷ, ಬಸವನಗುಡಿಯಲ್ಲಿ ಹಳೆಯ ಮನೆ. ಬೆಳಗ್ಗೆ 612 ಕಿಲೋಹರ್ಟ್ಜ್‌ನಲ್ಲಿ ಆಕಾಶವಾಣಿ ಕೇಳೋದು ನನ್ನ ರೂಢಿ. ಮೊಮ್ಮಗ ವೈ-ಫೈ ಹಾಕಿಸಿದ ಮೇಲೆ ರೇಡಿಯೊದಲ್ಲಿ ಬರೀ ಜೊಂಯ್ ಅಂತ ಸದ್ದು. ಮನೆಯವರು ರೇಡಿಯೊ ಹಳೆಯದಾಯ್ತು, ಬಿಸಾಕಿ ಅಂತಾರೆ.

ಉತ್ತರ: ಬಿಸಾಕಬೇಡಿ ತಾತ, ನಿಮ್ಮ ರೇಡಿಯೊದಲ್ಲಿ ದೋಷ ಇಲ್ಲ. ವೈ-ಫೈ ಅಲೆಗೂ ನಿಮ್ಮ 612ಕ್ಕೂ ಸಂಬಂಧವೇ ಇಲ್ಲ, ಎರಡೂ ಬಹಳ ದೂರ ದೂರ. ಸದ್ದು ಮಾಡುತ್ತಿರೋದು ರೌಟರ್ ಅಲ್ಲ, ರೌಟರ್‌ಗೆ ಕರೆಂಟ್ ಕೊಡುವ ಅಡಾಪ್ಟರ್ ಇರಬೇಕು. ಈಗಿನ ಅಡಾಪ್ಟರ್‌ಗಳು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುತ್ತವೆ. ಅಗ್ಗದ ಅಡಾಪ್ಟರ್‌ನಲ್ಲಿ ಆ ಗದ್ದಲ ತಡೆಯುವ ಫಿಲ್ಟರ್ ಸರಿಯಾಗಿ ಹಾಕಿರೋದಿಲ್ಲ. ಅದು ಮನೆಯ ವೈರಿಂಗ್ ಹಿಡಿದು ಎಲ್ಲ ಕೋಣೆಗೂ ಹೋಗಿ, ಮೀಡಿಯಂ ವೇವ್‌ನಲ್ಲಿ ಜೊಂಯ್ ಅನ್ನುತ್ತದೆ.

ಆದರೆ ಅಡಾಪ್ಟರೇ ಅಂತ ಖಚಿತ ಮಾಡಿಕೊಳ್ಳಬೇಕು. ನಿಮ್ಮ ರೇಡಿಯೊ ಸೆಲ್‌ನಲ್ಲಿ ಓಡುತ್ತದಲ್ಲ? ಸೆಲ್ ಹಾಕಿ, 612 ಬಿಟ್ಟು ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗಕ್ಕೆ ಮುಳ್ಳು ತನ್ನಿ, ಸದ್ದು ಜಾಸ್ತಿ ಮಾಡಿ. ಮೊಮ್ಮಗನನ್ನು ಕರೆದು ಮೇನ್ ಸ್ವಿಚ್ ಆಫ್ ಮಾಡಿಸಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿಸಬೇಕು, ಇಲ್ಲದಿದ್ದರೆ ಅಡಾಪ್ಟರ್‌ಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಜೊಂಯ್ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ನಿಲ್ಲದಿದ್ದರೆ ಪಕ್ಕದ ಮನೆಯದೋ ಬೀದಿಯದೋ. ನಿಂತರೆ ಮತ್ತೆ ಕರೆಂಟ್ ಹಾಕಿ, ಒಂದೊಂದೇ ಪ್ಲಗ್ ತೆಗೆಯುತ್ತಾ ಬನ್ನಿ. ರೇಡಿಯೊ ಕೈಯಲ್ಲಿ ಹಿಡಿದು ಕೋಣೆ ಕೋಣೆ ತಿರುಗಿ. ಎಲ್ಲಿ ಸದ್ದು ಏರುತ್ತದೋ ಅಲ್ಲಿ ನಿಂತು ರೇಡಿಯೊವನ್ನು ನಿಧಾನವಾಗಿ ಬಲಕ್ಕೆ, ಎಡಕ್ಕೆ ತಿರುಗಿಸಿ. ಒಳಗಿನ ಆಂಟೆನಾ ಉದ್ದನೆಯ ಕಡ್ಡಿ ಥರ ಇರುವುದರಿಂದ ಅದರ ತುದಿ ಗದ್ದಲದ ಕಡೆ ತಿರುಗಿದಾಗ ಸದ್ದು ಬಿದ್ದುಹೋಗುತ್ತದೆ. ಹಾಗೆ ದಿಕ್ಕು ಸಿಗುತ್ತದೆ. ಕೆಲವು ಮನೆಗಳಲ್ಲಿ ಇದು ರೌಟರ್ ಅಡಾಪ್ಟರ್ ಆಗಿರಲ್ಲ, ದೇವರಮನೆಯ ಎಲ್‌ಇಡಿ ಬಲ್ಬೋ, ಸೊಳ್ಳೆ ಬ್ಯಾಟು ಚಾರ್ಜಿಗೆ ಹಾಕಿದ್ದೋ ಆಗಿರುತ್ತದೆ.

ಸಿಕ್ಕಿದ ಮೇಲೆ ಅಷ್ಟೇ ವೋಲ್ಟು, ಅಷ್ಟೇ ಅಥವಾ ಜಾಸ್ತಿ ಆಂಪಿಯರ್ ಇರುವ, ಬಿಐಎಸ್ ನೋಂದಣಿ ಗುರುತಿನ ಒಳ್ಳೆಯ ಅಡಾಪ್ಟರ್ ತರಿಸಿ. ಇಲ್ಲವೇ ಫೆರೈಟ್ ಕೋರ್ ಅಂತ ಸಿಗುತ್ತದೆ, ಲ್ಯಾಪ್‌ಟಾಪ್ ಚಾರ್ಜರ್ ವೈರಿನ ತುದಿಯಲ್ಲಿ ದಪ್ಪಗೆ ಗುಂಡಗೆ ಕಾಣುತ್ತದಲ್ಲ, ಅದೇ. ಎರಡು ಭಾಗವಾಗಿ ತೆರೆದುಕೊಳ್ಳುವಂಥದ್ದು ತಂದು ಅಡಾಪ್ಟರ್ ವೈರನ್ನು ಅದರೊಳಗೆ ಮೂರ್ನಾಲ್ಕು ಸುತ್ತು ಹಾಕಿ ಮುಚ್ಚಿ. ಮೀಡಿಯಂ ವೇವ್‌ಗೆ ಸುತ್ತು ಜಾಸ್ತಿ ಇದ್ದಷ್ಟೂ ಒಳ್ಳೆಯದು. ರೇಡಿಯೊ ಇಡುವ ಜಾಗ ಕಿಟಕಿ ಹತ್ತಿರ ಇರಲಿ, ಪ್ಲಗ್ ಬೋರ್ಡಿಂದ ದೂರ. 102.9ರ ವಿವಿಧ ಭಾರತಿಗೆ ಈ ಕಾಟ ಅಷ್ಟಿರಲ್ಲ, ಎಫ್‌ಎಂ ಈ ಥರದ ಸದ್ದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ.

ಪ್ರಶ್ನೆ: ಯಲಹಂಕ ನ್ಯೂಟೌನ್. 5 ಗಿಗಾಹರ್ಟ್ಜ್ ಬಳಸ್ತೀನಿ. ಚೆನ್ನಾಗಿರುತ್ತೆ, ಇದ್ದಕ್ಕಿದ್ದ ಹಾಗೆ ಒಂದು ನಿಮಿಷ ಹೆಸರೇ ಮಾಯ ಆಗಿ ಮತ್ತೆ ಬರುತ್ತೆ. ಯಾಕೆ?

ಉತ್ತರ: ಸೆಟ್ಟಿಂಗ್‌ನಲ್ಲಿ ಚಾನೆಲ್ ನಂಬರ್ ನೋಡಿ. 52ರಿಂದ 64, ಅಥವಾ 100ರಿಂದ 144ರ ಒಳಗೆ ಇದೆಯಾ? ಆ ಜಾಗವನ್ನು ರೇಡಾರ್‌ಗಳೂ ಬಳಸುತ್ತವೆ, ಮಳೆ-ಮೋಡ ನೋಡುವ ಹವಾಮಾನ ರೇಡಾರ್‌ಗಳು ಸೇರಿ. ಅಲ್ಲಿ ಅವುಗಳದೇ ಮೊದಲ ಹಕ್ಕು. ರೇಡಾರ್ ಥರದ ಅಲೆ ಕಿವಿಗೆ ಬಿದ್ದರೆ ಬಹಳಷ್ಟು ರೌಟರ್‌ಗಳು ತಕ್ಷಣ ಆ ಚಾನೆಲ್ ಬಿಟ್ಟುಕೊಡುತ್ತವೆ. ಅದೇ ಥರದ ಹೊಸ ಚಾನೆಲ್‌ಗೆ ಹೋದರೆ ಅಲ್ಲೂ ಒಂದು ನಿಮಿಷ ಸುಮ್ನೆ ಕೂತು ಕೇಳಿ ಆಮೇಲೆ ಶುರು ಮಾಡುತ್ತವೆ. ನಿಮ್ಮ ಆ ಒಂದು ನಿಮಿಷ ಇದೇ. ಒಮ್ಮೊಮ್ಮೆ ರೇಡಾರ್ ಇಲ್ಲದಿದ್ದರೂ ಬೇರೆ ಗದ್ದಲಕ್ಕೆ ಬೇಸ್ತು ಬೀಳುವುದುಂಟು. 36ರಿಂದ 48ರೊಳಗೆ ಅಥವಾ 149ರಿಂದ 161ರೊಳಗೆ ಒಂದನ್ನು ಖಾಯಂ ಮಾಡಿ.

ಪ್ರಶ್ನೆ: ಮಾರತ್ತಹಳ್ಳಿಯಲ್ಲಿ ಪಿ.ಜಿ. ನಡೆಸುತ್ತೇನೆ. ನಾಲ್ಕು ಮಹಡಿ, ಮಹಡಿಗೆ ಎರಡು ರೌಟರ್. ಹುಡುಗರು ದಿನಾ ನೆಟ್ ಸ್ಲೋ ಅಂತ ಗಲಾಟೆ. ಇನ್ನೂ ನಾಲ್ಕು ರೌಟರ್ ಹಾಕಿಸೋಣ ಅಂತಿದ್ದೇನೆ.

ಉತ್ತರ: ಹಾಕಿಸಬೇಡಿ ಸರ್, ಜಾಸ್ತಿ ಹಾಕಿದಷ್ಟೂ ಕೆಡುತ್ತದೆ. ಈಗಿರುವ ಎಂಟೇ ಒಂದಕ್ಕೊಂದು ಅಡ್ಡ ಬರ್ತಿವೆ.

ಒಂದೊಂದು ವೈ-ಫೈ ಹೆಸರೂ ‘ನಾನಿದ್ದೇನೆ’ ಅಂತ ಸೆಕೆಂಡಿಗೆ ಸುಮಾರು ಹತ್ತು ಸಲ ಸಾರುತ್ತಿರುತ್ತದೆ, ಯಾರು ಬಳಸಲಿ ಬಿಡಲಿ. ಅದೂ ಅತಿ ನಿಧಾನದ ವೇಗದಲ್ಲಿ, ದೂರದವರಿಗೂ ಕೇಳಿಸಲಿ ಅಂತ. ಎಂಟು ರೌಟರ್, ಜೊತೆಗೆ ಗೆಸ್ಟ್ ನೆಟ್‌ವರ್ಕ್, ಅದರ ಮೇಲೆ ಹುಡುಗರ ಫೋನಿನ ಹಾಟ್‌ಸ್ಪಾಟ್, ರಸ್ತೆ ಆಚೆಯ ಇನ್ನೊಂದು ಪಿ.ಜಿ.ಯದು, ಎಲ್ಲ ಸೇರಿದರೆ ಯಾರೂ ಏನೂ ಡೌನ್‌ಲೋಡ್ ಮಾಡುವ ಮೊದಲೇ 2.4ರ ಒಳ್ಳೆಯ ಭಾಗ ಹೆಸರು ಸಾರೋದರಲ್ಲೇ ಖರ್ಚಾಗಿರುತ್ತದೆ. ಮೊದಲು ಬೇಡದ ಹೆಸರುಗಳನ್ನು ಆಫ್ ಮಾಡಿ. ಮಹಡಿಗೆ ಎರಡು ರೌಟರ್ ಇದ್ದರೆ ಒಂದರಲ್ಲಿ ಮಾತ್ರ 2.4 ಇರಲಿ, ಇನ್ನೊಂದರಲ್ಲಿ 5 ಗಿಗಾಹರ್ಟ್ಜ್ ಮಾತ್ರ. 2.4ಕ್ಕೆ ಮೊದಲ ಮಹಡಿಯಲ್ಲಿ 1, ಎರಡನೆಯದರಲ್ಲಿ 6, ಮೂರನೆಯದರಲ್ಲಿ 11, ನಾಲ್ಕನೆಯದರಲ್ಲಿ ಮತ್ತೆ 1. ಎಲ್ಲದರಲ್ಲೂ ಅಗಲ 20. ಆಮೇಲೆ ಟ್ರಾನ್ಸ್‌ಮಿಟ್ ಪವರ್ ಅಂತ ಇರುತ್ತದೆ, ‘ಹೈ’ನಿಂದ ‘ಮೀಡಿಯಂ’ಗೋ ‘ಲೋ’ಗೋ ಇಳಿಸಿ. ಕೆಳಗಿನ ರೌಟರ್ ನಾಲ್ಕನೇ ಮಹಡಿಗೆ ಕೇಳಿಸಬೇಕಾಗಿಲ್ಲ. ಅದು ಕೇಳಿಸಿದರೆ ಏನಾಗುತ್ತದೆ ಅಂದರೆ, ಹುಡುಗ ಬಾಗಿಲಲ್ಲಿ ಹಿಡಿದ ವೈ-ಫೈಗೆ ಅಂಟಿಕೊಂಡೇ ಮೇಲೆ ಹೋಗಿ ಮಂಚದ ಮೇಲೆ ಮಲಗುತ್ತಾನೆ, ತಲೆಯ ಹತ್ತಿರವೇ ಇನ್ನೊಂದು ರೌಟರ್ ಇದ್ದರೂ ಫೋನ್ ದೂರದ್ದನ್ನೇ ಹಿಡಿದುಕೊಂಡು ಒದ್ದಾಡುತ್ತದೆ.

ರೌಟರ್‌ಗಳ ಮಧ್ಯೆ ಕೇಬಲ್ ಇದೆಯಾ, ಅಥವಾ ರಿಪೀಟರ್ ಹಾಕಿದ್ದೀರಾ? ರಿಪೀಟರ್ ಆಗಿದ್ದರೆ ತೆಗೆಸಿಬಿಡಿ. ಒಂದೇ ಚಾನೆಲ್‌ನಲ್ಲಿ ಕೇಳಿಸಿಕೊಂಡು ಅದನ್ನೇ ಮತ್ತೆ ಹೇಳೋದರಿಂದ ಒಂದು ಮಾತಿಗೆ ಎರಡು ಮಾತಿನ ಸಮಯ ಹೋಗುತ್ತದೆ, ಸ್ಪೀಡ್ ಅರ್ಧಕ್ಕೆ ಬೀಳುತ್ತದೆ. ಹೊಸ ರೌಟರ್‌ಗೆ ಇಟ್ಟಿರೋ ದುಡ್ಡಲ್ಲಿ ಮೆಟ್ಟಿಲ ಪಕ್ಕದ ಡಕ್ಟ್‌ನಲ್ಲಿ ಪ್ರತಿ ಮಹಡಿಗೂ ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಸಿ. ಕಾರಿಡಾರ್‌ನ ಸಿಸಿ ಕ್ಯಾಮೆರಾಗಳು ವೈ-ಫೈನಲ್ಲಿದ್ದರೆ ಅವನ್ನೂ ಕೇಬಲ್‌ಗೆ ಹಾಕಿಸಿ, ಅವು ಹಗಲೂ ರಾತ್ರಿ ಬಿಡದೆ ವಿಡಿಯೊ ಕಳಿಸುತ್ತಿರುತ್ತವೆ.

ಪ್ರಶ್ನೆ: ಅಪ್ಪನಿಗೆ ಪೇಸ್‌ಮೇಕರ್ ಹಾಕಿದ್ದಾರೆ. ಅವರ ಕೋಣೆಯಲ್ಲೇ ರೌಟರ್ ಇದೆ. ತೆಗೆಯಬೇಕಾ? — ಜೆ.ಪಿ. ನಗರ

ಉತ್ತರ: ಕೋಣೆಯಲ್ಲಿ ಇರಬಹುದು, ಎದೆಗೆ ಹತ್ತಿರ ಇರಬಾರದು. ಪೇಸ್‌ಮೇಕರ್ ತಯಾರಕರು ಮೊಬೈಲ್, ರೌಟರ್‌ಗಳಿಗೆ ಸಾಮಾನ್ಯವಾಗಿ ಹೇಳುವ ಅಂತರ 15 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಮಂಚದ ತಲೆಗಟ್ಟಿನ ಮೇಲೆ ಇಟ್ಟಿದ್ದರೆ ಗೋಡೆಗೆ ಸರಿಸಿ, ಅಷ್ಟು ಸಾಕು. ನಾನು ಹೆಚ್ಚು ಗಮನ ಕೊಡಿ ಅನ್ನೋದು ಬೇರೆ ಎರಡಕ್ಕೆ. ಒಂದು, ಅಂಗಿಯ ಎಡ ಜೇಬಿನಲ್ಲಿ ಫೋನ್ ಇಟ್ಟುಕೊಳ್ಳೋ ಅಭ್ಯಾಸ. ಪೇಸ್‌ಮೇಕರ್ ಇರುವ ಕಡೆಯ ಜೇಬಲ್ಲಿ ಬೇಡ, ಮಾತಾಡುವಾಗಲೂ ಇನ್ನೊಂದು ಕಡೆಯ ಕಿವಿಗೆ ಹಿಡಿಯಲಿ. ಎರಡು, ಇಂಡಕ್ಷನ್ ಒಲೆ. ಅದರಿಂದ 60 ಸೆಂಟಿಮೀಟರ್, ಎರಡು ಅಡಿ ದೂರ ಇರಲಿ ಅಂತ ಹೇಳುತ್ತಾರೆ, ಕಾಫಿ ಕಾಯಿಸೋಕೆ ಅಪ್ಪನೇ ನಿಲ್ಲುತ್ತಾರೆ ಅಂದರೆ ಗ್ಯಾಸ್ ಒಲೆಯೇ ಒಳ್ಳೆಯದು. ಅವರ ಪೇಸ್‌ಮೇಕರ್ ಜೊತೆ ಕೊಟ್ಟಿರುವ ಕಾರ್ಡಿನಲ್ಲಿ ಮಾಡೆಲ್ ಇರುತ್ತದೆ, ಮುಂದಿನ ಸಲ ಚೆಕಪ್‌ಗೆ ಹೋದಾಗ ಡಾಕ್ಟರ್ ಹತ್ತಿರ ಆ ಮಾಡೆಲ್‌ಗೆ ಬೇರೇನಾದರೂ ಇದೆಯಾ ಅಂತ ಕೇಳಿಕೊಳ್ಳಿ. ತಲೆ ಸುತ್ತು, ಎದೆ ಬಡಿತ ಏರುಪೇರು ಅನಿಸಿದರೆ ಮೊದಲು ಆ ವಸ್ತುವಿನಿಂದ ದೂರ ಬರಬೇಕು, ಆಮೇಲೆ ಡಾಕ್ಟರ್‌ಗೆ ಫೋನ್.

ಪ್ರಶ್ನೆ: ನಮ್ಮ ಬೇಸ್‌ಮೆಂಟ್ ಅಂಗಡಿಯಲ್ಲಿ ಮೊಬೈಲ್ ಸಿಗ್ನಲ್ ಬರಲ್ಲ. ಆನ್‌ಲೈನ್‌ನಲ್ಲಿ ಸಿಗ್ನಲ್ ಬೂಸ್ಟರ್ ನೋಡಿದೆ. ತರಿಸಲಾ?

ಉತ್ತರ: ತರಿಸಬೇಡಿ. ಅನುಮತಿ ಇಲ್ಲದೆ ಮೊಬೈಲ್ ಬೂಸ್ಟರ್ ಇಟ್ಟುಕೊಳ್ಳೋದು, ಮಾರೋದು ನಮ್ಮಲ್ಲಿ ಅಪರಾಧ. ಸುಮ್ನೆ ಕಾಗದದ ನಿಯಮ ಅಲ್ಲ ಇದು. ಕೆಟ್ಟ ಬೂಸ್ಟರ್ ಒಂದು ಹತ್ತಿರದ ಟವರ್‌ನ ಕಿವಿ ಕೆಡಿಸುತ್ತದೆ, ಇಡೀ ಬೀದಿಯವರ ಕರೆ ಕಟ್ ಆಗುತ್ತದೆ, ಅದರಲ್ಲಿ ಆಂಬುಲೆನ್ಸ್‌ಗೆ ಮಾಡಿದ ಕರೆಯೂ ಇರಬಹುದು. ಅಂಗಡಿಗೆ ಬ್ರಾಡ್‌ಬ್ಯಾಂಡ್ ಹಾಕಿಸಿ ಫೋನಿನಲ್ಲಿ ವೈ-ಫೈ ಕಾಲಿಂಗ್ ಆನ್ ಮಾಡಿ, ಕರೆ ಅದರ ಮೇಲೆಯೇ ಬರುತ್ತದೆ. ಮಕ್ಕಳ ಫೋನ್ ತಡೆಯೋಕೆ ಜಾಮರ್ (ಮೊಬೈಲ್ ಸಿಗ್ನಲ್ ಅಡಗಿಸುವ ಸಾಧನ) ಹಾಕಬಹುದಾ ಅಂತ ಕೇಳಿದ್ದ ಟ್ಯೂಷನ್ ಮೇಷ್ಟ್ರಿಗೂ ಇದೇ ಉತ್ತರ: ಖಾಸಗಿಯವರು ಜಾಮರ್ ಬಳಸುವ ಹಾಗೇ ಇಲ್ಲ. ಫೋನ್‌ಗಳನ್ನು ಬಾಗಿಲಲ್ಲಿ ಒಂದು ಬುಟ್ಟಿಗೆ ಹಾಕಿಸಿ.

ಪ್ರಶ್ನೆ: ಡ್ಯೂಪ್ಲೆಕ್ಸ್ ಮನೆ, ರೌಟರ್ ಕೆಳಗೆ ಟಿವಿ ಸ್ಟ್ಯಾಂಡ್ ಹಿಂದೆ. ಮೇಲೆ ಸಿಗ್ನಲ್ಲೇ ಇಲ್ಲ. ಆಂಟೆನಾ ಎರಡನ್ನೂ ಮೇಲ್ಮುಖ ಮಾಡಿದ್ದೇನೆ. — ಉತ್ತರಹಳ್ಳಿ

ಉತ್ತರ: ಮೇಲ್ಮುಖ ಮಾಡಿದ್ದಕ್ಕೇ ಮೇಲೆ ಹೋಗುತ್ತಿಲ್ಲ. ಕಡ್ಡಿ ಆಂಟೆನಾದ ತುದಿಯಿಂದ ಸಿಗ್ನಲ್ ಹೊರಡಲ್ಲ, ಪಕ್ಕದಿಂದ ಸುತ್ತಲೂ ಹೊರಡುತ್ತದೆ. ಉದ್ದಿನ ವಡೆಯ ತೂತಿಗೆ ಕಡ್ಡಿ ಸಿಕ್ಕಿಸಿದರೆ ವಡೆ ಹೇಗೆ ಸುತ್ತ ಹರಡಿಕೊಂಡಿರುತ್ತದೋ ಹಾಗೆ. ಎರಡರಲ್ಲಿ ಒಂದು ಆಂಟೆನಾ ನೆಟ್ಟಗೆ ಇರಲಿ, ಅದು ಕೆಳಗಿನ ಕೋಣೆಗಳಿಗೆ. ಇನ್ನೊಂದನ್ನು ಪೂರ್ತಿ ಅಡ್ಡ ಮಲಗಿಸಿ, ಅದು ಮೇಲಿನ ಮಹಡಿಗೆ.

ಟಿವಿ ಹಿಂದಿನ ಜಾಗವೂ ಸರಿಯಿಲ್ಲ. ಟಿವಿಯ ಹಿಂಭಾಗದ ತಗಡು ಅಲೆಯನ್ನು ತಡೆಯುತ್ತದೆ, ಜೊತೆಗೆ ಟಿವಿ, ಸೆಟ್‌ಟಾಪ್ ಬಾಕ್ಸ್ ಎಲ್ಲವೂ ಚೂರು ಚೂರು ಗದ್ದಲ ಮಾಡುತ್ತವೆ. ಉಕ್ಕಿನ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಇವುಗಳ ಪಕ್ಕವೂ ಬೇಡ. ಕನ್ನಡಿ ಹಿಂದೆ ಲೋಹದ ಲೇಪ ಇರುತ್ತದೆ, ನೀರು 2.4ನ್ನು ಚೆನ್ನಾಗಿ ಹೀರುತ್ತದೆ. ಮೆಟ್ಟಿಲ ಹತ್ತಿರ ಆಳೆತ್ತರದಲ್ಲಿ ಒಂದು ಶೆಲ್ಫ್ ಹೊಡೆಸಿ ಅಲ್ಲಿಡಿ. ಆರ್‌ಸಿಸಿ ಸ್ಲ್ಯಾಬ್‌ನೊಳಗೆ ಕಂಬಿಯ ಜಾಲ ಇರುತ್ತದೆ, ಅದನ್ನು ಭೇದಿಸಿ ಹೋಗೋದಕ್ಕಿಂತ ಮೆಟ್ಟಿಲ ತೆರಪಿನಿಂದ ಹೋಗೋದು ಅಲೆಗೆ ಸುಲಭ. 2.4ರ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್ ಮಾತ್ರ, ಹಾಗಾಗಿ ರೌಟರನ್ನು ನಾಲ್ಕು ಬೆರಳು ಸರಿಸಿದರೂ ಕೆಲವೊಮ್ಮೆ ಮೇಲಿನ ಕೋಣೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಒಬ್ಬರು ಮೇಲೆ ಫೋನ್ ಹಿಡಿದು ಕೂತಿರಲಿ, ಇನ್ನೊಬ್ಬರು ಕೆಳಗೆ ಸರಿಸುತ್ತಾ ಇರಲಿ. ವೈ-ಫೈ ಅನಲೈಸರ್ ಆ್ಯಪ್‌ನಲ್ಲಿ ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ) ಅಥವಾ ಅದಕ್ಕಿಂತ ಚಿಕ್ಕ ಅಂಕಿ, 60, 55 ಹೀಗೆ ಬಂದರೆ ವಿಡಿಯೊ ಕಾಲ್‌ಗೆ ಸಾಕು. ಮೈನಸ್ 80ರ ಹತ್ತಿರ ಇದ್ದರೆ ಬಿಟ್ಟುಬಿಡಿ, ಮೇಲಕ್ಕೊಂದು ಕೇಬಲ್ ಎಳೆದು ಎರಡನೇ ರೌಟರ್ ಹಾಕಿ, ಚಾನೆಲ್ ಬೇರೆ ಕೊಡಿ.

ಪ್ರಶ್ನೆ: ರೌಟರ್ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಇಟ್ಟರೆ ಸ್ಪೀಡ್ ಜಾಸ್ತಿ ಆಗುತ್ತಂತೆ, ಹೌದಾ?

ಉತ್ತರ: ಫಾಯಿಲ್ ಅಲೆಯನ್ನು ತಿರುಗಿಸಿ ಕಳಿಸೋದು ನಿಜ. ರೌಟರ್ ಹೊರಗೋಡೆಗೆ ಅಂಟಿಕೊಂಡಿದ್ದು, ಗೋಡೆ ಆಚೆ ಬರೀ ರಸ್ತೆ ಇದೆ ಅಂದರೆ ಸ್ವಲ್ಪ ಉಪಯೋಗ ಆಗಬಹುದು, ಆ ಕಡೆಯ ಗದ್ದಲವೂ ಚೂರು ಕಡಿಮೆ ಆದೀತು. ಫಾಯಿಲ್ ಹಿಂದಿನ ಕೋಣೆಗೆ ಮಾತ್ರ ಸಿಗ್ನಲ್ ಹೋಗಲ್ಲ. ಆಂಟೆನಾಗೆ ತಾಗಿಸಬೇಡಿ, ರೌಟರ್‌ನ ಗಾಳಿ ಕಂಡಿ ಮುಚ್ಚಬೇಡಿ. ಅದಕ್ಕಿಂತ ರೌಟರನ್ನೇ ಮನೆಯ ಮಧ್ಯಕ್ಕೆ ತನ್ನಿ.